ಹಾರ್ಡ್‌ವೇರ್ ವಾಲೆಟ್‌ನ ಆಪ್ ತೆರೆಯುವ ಮುಂಚೆ

ಭಾವ ಫೋನ್ ಮಾಡಿದಾಗ ರಾತ್ರಿ ಹತ್ತೂವರೆ ಆಗಿತ್ತು. "ವಾಲೆಟ್‌ನ ಆಪ್ ಹಾಕಿಕೊಂಡೆ ಕಣೋ. 24 ಪದ ಕೇಳ್ತಾ ಇದೆ. ಏಳು ಟೈಪ್ ಮಾಡಿದೀನಿ. ಎಂಟನೇದು ವಾಲ್ ಅಂತ ಬರೆದಿದೀನಾ, ವಾಕ್ ಅಂತ ಬರೆದಿದೀನಾ, ನನ್ನ ಅಕ್ಷರ ನನಗೇ ತಿಳೀತಿಲ್ಲ."

"ಭಾವ, ಕೀಬೋರ್ಡ್‌ನಿಂದ ಕೈ ತೆಗೀರಿ. ಇನ್ನೊಂದು ಅಕ್ಷರವೂ ಒತ್ತಬೇಡಿ" ಅಂದೆ.

ಅವರ ಹಾರ್ಡ್‌ವೇರ್ ವಾಲೆಟ್, ಅಂದರೆ ಬಿಟ್‌ಕಾಯಿನ್ ಖರ್ಚು ಮಾಡುವ ಕೀಯನ್ನು ಒಳಗಿಟ್ಟುಕೊಳ್ಳುವ ಪುಟ್ಟ ಡಿವೈಸ್, ಅಸಲಿಯೇ. ಆ ಕೀಯನ್ನು ವಾಪಸ್ ತರಿಸುವ 24 ಪದಗಳೂ ಅದರೊಳಗೇ ಹುಟ್ಟಿದವು; ಅವು ಸಿಕ್ಕವರ ಕೈಗೆ ಹಣವೂ ಸಿಕ್ಕ ಹಾಗೆ. ನಕಲಿಯಾಗಿದ್ದು ಆಪ್. ಅದರ ಹೆಸರು ಹಾಕಿ ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಒಂದು ಜಾಹೀರಾತು ಬಂದಿತ್ತು. ಅದನ್ನೇ ಒತ್ತಿ ಡೌನ್‌ಲೋಡ್ ಮಾಡಿದ್ದರು. ಬಣ್ಣ, ಲೋಗೋ, ಅಕ್ಷರದ ಶೈಲಿ ಎಲ್ಲ ಹಾಗೇ ಇತ್ತು. ಪುಣ್ಯಕ್ಕೆ ವಾಲೆಟ್‌ಗೆ ಇನ್ನೂ ಹಣ ಹಾಕಿರಲಿಲ್ಲ. ಮಾರನೇ ದಿನ ಇಬ್ಬರೂ ಕೂತು ಎಲ್ಲವನ್ನೂ ಮೊದಲಿಂದ ಮಾಡಿದೆವು. ಹೇಗೆ ಮಾಡಿದೆವು ಅನ್ನೋದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ ಮನಸ್ಸಿಗೆ ಹತ್ತಬೇಕು. ನಿಮ್ಮ ಬಿಟ್‌ಕಾಯಿನ್ ಆಪ್‌ನಲ್ಲೂ ಇಲ್ಲ, ಡಿವೈಸ್‌ನಲ್ಲೂ ಇಲ್ಲ. ಅದರ ಲೆಕ್ಕ ಇರುವುದು ಬ್ಲಾಕ್‌ಚೈನ್ ಅನ್ನೋ ಸಾರ್ವಜನಿಕ ಲೆಕ್ಕದ ಪುಸ್ತಕದಲ್ಲಿ. ಡಿವೈಸ್ ಒಳಗಿರುವುದು ಆ ಹಣ ಖರ್ಚು ಮಾಡಲು ಬೇಕಾದ ಕೀ. ಆಪ್ ಬ್ಯಾಲೆನ್ಸ್ ತೋರಿಸುತ್ತದೆ, ಹಣ ಕಳಿಸುವ ಅರ್ಜಿ ತಯಾರು ಮಾಡುತ್ತದೆ. ಆ ಅರ್ಜಿ ಡಿವೈಸ್ ಒಳಗೆ ಹೋಗಿ, ಸಹಿ ಹಾಕಿಸಿಕೊಂಡು ಹೊರಗೆ ಬರುತ್ತದೆ. ಕೀ ಮಾತ್ರ ಹೊರಗೆ ಬರುವುದೇ ಇಲ್ಲ. ಹಾಗಾಗಿ ಆಪ್ ಡಿಲೀಟ್ ಆದರೆ ಏನೂ ಕಳೆದುಕೊಳ್ಳುವುದಿಲ್ಲ. ಆದರೆ ಕಂಪ್ಯೂಟರ್‌ಗೆ ವೈರಸ್ ಹೊಕ್ಕರೆ ಆಪ್ ನಿಮಗೆ ಸುಳ್ಳು ತೋರಿಸಬಹುದು. ಆಗ ನಂಬಬೇಕಾದ್ದು ಕೈಯಲ್ಲಿರುವ ಡಿವೈಸ್‌ನ ಆ ಪುಟ್ಟ ಸ್ಕ್ರೀನನ್ನು ಮಾತ್ರ.

ಈಗ ಆಪ್ ತರುವ ವಿಷಯ. ಸರ್ಚ್ ಮಾಡಬೇಡಿ. ಡಿವೈಸ್ ಜೊತೆ ಬಂದ ಕಾಗದದಲ್ಲಿ ಕಂಪನಿಯ ವಿಳಾಸ ಇರುತ್ತದೆ, ಅದನ್ನು ಬ್ರೌಸರ್‌ನಲ್ಲಿ ಕೈಯಾರೆ ಟೈಪ್ ಮಾಡಿ. ಈ ಡಿವೈಸ್ ಮಾಡುವ ಕಂಪನಿಗಳಲ್ಲಿ ಟ್ರೆಝರ್ ಆದರೆ ಟ್ರೆಝರ್ ಡಾಟ್ ಐಓ, ಲೆಡ್ಜರ್ ಆದರೆ ಲೆಡ್ಜರ್ ಡಾಟ್ ಕಾಮ್. ಒಮ್ಮೆ ಸರಿಯಾಗಿ ತೆರೆದ ಮೇಲೆ ಬುಕ್‌ಮಾರ್ಕ್ ಮಾಡಿಕೊಳ್ಳಿ. ಆಪ್ ಸ್ಟೋರ್‌ನಲ್ಲಿದೆ ಅಂದ ಮಾತ್ರಕ್ಕೆ ಅಸಲಿ ಅಂತಲೂ ಅಲ್ಲ. 2023ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಸ್ಟೋರ್‌ನಲ್ಲೇ ಲೆಡ್ಜರ್ ಕಂಪನಿಯ ಆಗಿನ ಆಪ್ ಲೆಡ್ಜರ್ ಲೈವ್‌ನ ನಕಲಿ ಇತ್ತು. ಅದನ್ನು ನಂಬಿದವರ ಲಕ್ಷಾಂತರ ಡಾಲರ್ ಹೋಯಿತು. ಮೊಬೈಲ್‌ಗಾದರೂ ಕಂಪನಿಯ ಸೈಟ್‌ಗೆ ಹೋಗಿ, ಅಲ್ಲಿರುವ ಲಿಂಕ್‌ನಿಂದಲೇ ಸ್ಟೋರ್‌ಗೆ ಹೋಗಿ.

ಕಂಪ್ಯೂಟರ್ ಆದರೆ ಇನ್ನೊಂದು ಹೆಜ್ಜೆ ಇದೆ. ಡೌನ್‌ಲೋಡ್ ಆದ ಫೈಲ್‌ನ ಜೊತೆ ಟ್ರೆಝರ್ ಡಿಜಿಟಲ್ ಸಹಿ ಕೊಡುತ್ತದೆ, ಲೆಡ್ಜರ್ ಹ್ಯಾಶ್, ಅಂದರೆ ಫೈಲ್‌ನ ಗುರುತಿನ ಸಂಕೇತ, ಕೊಡುತ್ತದೆ. ಹೋಲಿಸಿ ನೋಡಲು ಹತ್ತು ನಿಮಿಷ ಸಾಕು. ಹೇಗೆ ಅಂತ ಅವರ ಸೈಟ್‌ನಲ್ಲೇ ಬರೆದಿರುತ್ತದೆ. ದೊಡ್ಡ ಮೊತ್ತ ಇಡುವವರು ಇದನ್ನು ಬಿಡಬೇಡಿ.

ಭಾವನ ಲ್ಯಾಪ್‌ಟಾಪ್‌ನಿಂದ ನಕಲಿ ಆಪ್ ತೆಗೆದು ಸುಮ್ಮನಾಗಲಿಲ್ಲ. ಅದು ಬೇರೆ ಏನು ಬಿಟ್ಟು ಹೋಗಿದೆಯೋ ಯಾರಿಗೆ ಗೊತ್ತು? ಫೈಲ್‌ಗಳನ್ನು ಬೇರೆ ಕಡೆ ತೆಗೆದಿಟ್ಟು, ಇಡೀ ಲ್ಯಾಪ್‌ಟಾಪ್ ಅಳಿಸಿ ಸಿಸ್ಟಂ ಹೊಸದಾಗಿ ಹಾಕಿದೆವು. ಇದಕ್ಕೇ ಅರ್ಧ ದಿನ ಹೋಯಿತು.

ಡಿವೈಸ್ ಜೋಡಿಸಿದಾಗ ಆಪ್ ಮೊದಲು ಅದು ಅಸಲಿಯೇ ಅಂತ ಪರೀಕ್ಷೆ ಮಾಡುತ್ತದೆ. ಲೆಡ್ಜರ್‌ನಲ್ಲಿ, ಟ್ರೆಝರ್‌ನ ಸೇಫ್ ಸರಣಿಯಲ್ಲಿ ಈ ಪರೀಕ್ಷೆಗೆ ನೆರವಾಗುವ ಚಿಪ್ ಒಳಗಿದೆ. ಫರ್ಮ್‌ವೇರ್ (ಡಿವೈಸ್ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಕೇಳಿದರೆ ಈಗಲೇ ಮಾಡಿಬಿಡಿ, ಹಣ ಇನ್ನೂ ಹಾಕಿಲ್ಲವಲ್ಲ. ಪೆಟ್ಟಿಗೆಯೊಳಗೆ ಮೊದಲೇ ಪದಗಳು ಬರೆದ ಕಾರ್ಡ್ ಅಥವಾ ಮೊದಲೇ ಹಾಕಿಟ್ಟ ಪಿನ್ ಬಂದಿದ್ದರೆ ಆ ಡಿವೈಸ್ ಬಳಸಲೇಬೇಡಿ. ಆ ಪದಗಳು ಇನ್ನೊಬ್ಬರ ಹತ್ತಿರವೂ ಇವೆ ಅಂತಲೇ ಅರ್ಥ.

ಪಿನ್ ಹಾಕುವುದು ಡಿವೈಸ್‌ನಲ್ಲೇ. ಹಳೆಯ ಟ್ರೆಝರ್ ಮಾಡೆಲ್ ಒನ್‌ನಲ್ಲಿ ಮಾತ್ರ ಕಂಪ್ಯೂಟರ್‌ನಲ್ಲಿ ಒಂಬತ್ತು ಖಾಲಿ ಚೌಕ ಕಾಣುತ್ತವೆ, ಯಾವ ಚೌಕದಲ್ಲಿ ಯಾವ ಅಂಕಿ ಅನ್ನೋದು ಡಿವೈಸ್ ಸ್ಕ್ರೀನ್‌ನಲ್ಲಿ ಪ್ರತಿ ಸಲ ಬದಲಾಗುತ್ತದೆ. ಲೆಡ್ಜರ್‌ನಲ್ಲಿ ಪಿನ್ 3 ಸಲ ತಪ್ಪಿದರೆ ಒಳಗಿನದೆಲ್ಲ ಅಳಿದು ಹೋಗುತ್ತದೆ, ಟ್ರೆಝರ್‌ನಲ್ಲಿ ಅದಕ್ಕಿಂತ ಹೆಚ್ಚು ಸಲ ಅವಕಾಶ ಇದೆ. ಇದಕ್ಕೆ ಹೆದರಬೇಕಾಗಿಲ್ಲ, ಪದಗಳು ಕಾಗದದ ಮೇಲಿದ್ದರೆ ಎಲ್ಲ ವಾಪಸ್ ಬರುತ್ತದೆ.

ಪದಗಳ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಭಾವನ ಹತ್ತಿರ ಇದ್ದಂಥ 24 ಪದಗಳು 2048 ಇಂಗ್ಲಿಷ್ ಪದಗಳ ಒಂದು ಪಟ್ಟಿಯಿಂದ ಬರುತ್ತವೆ. ಪಟ್ಟಿ ಎಲ್ಲರಿಗೂ ಗೊತ್ತಿರುವಂಥದ್ದೇ. ಮೊದಲ ನಾಲ್ಕು ಅಕ್ಷರ ನೋಡಿದರೆ ಯಾವ ಪದ ಅಂತ ತಿಳಿಯುವ ಹಾಗೆ ಆರಿಸಿದ್ದಾರೆ. ಆದರೆ ವಾಲ್, ವಾಕ್ ಎರಡೂ ಆ ಪಟ್ಟಿಯಲ್ಲಿವೆ, ಎರಡಕ್ಕೂ ಇಂಗ್ಲಿಷ್‌ನಲ್ಲಿ ನಾಲ್ಕೇ ಅಕ್ಷರ, ಕೊನೆಯ ಅಕ್ಷರ ಮಾತ್ರ ಬೇರೆ. ಭಾವ ಎಡವಿದ್ದು ಅಲ್ಲೇ. ಆದ್ದರಿಂದ ದೊಡ್ಡಕ್ಷರಗಳಲ್ಲಿ, ಒಂದೊಂದು ಅಕ್ಷರ ಬಿಡಿಸಿ, ಅಳಿಸದ ಪೆನ್ನಿನಲ್ಲಿ ಬರೆಯಿರಿ. ಫೋಟೋ ಬೇಡ. ಫೋನ್ ನೋಟ್ಸ್, ಇಮೇಲ್ ಡ್ರಾಫ್ಟ್, ಪ್ರಿಂಟರ್ ಯಾವುದೂ ಬೇಡ. ಎರಡು ಕಾಗದ ಮಾಡಿ ಎರಡು ಬೇರೆ ಜಾಗದಲ್ಲಿಡಿ.

ಭಾವ ಟೈಪ್ ಮಾಡಿದ್ದು ಏಳೇ ಪದ. ಉಳಿದ 17 ಪದ ಊಹಿಸಿ ಕಂಡುಹಿಡಿಯುವುದು ಯಾರಿಂದಲೂ ಆಗದ ಕೆಲಸ. ಆದರೂ ಡಿವೈಸ್ ರೀಸೆಟ್ ಮಾಡಿಸಿ ಹೊಸ 24 ಪದ ತೆಗೆಸಿದೆ. ಹೊರಗಿನವರು ಅರ್ಧಂಬರ್ಧ ನೋಡಿರುವ ಪದಗಳ ಮೇಲೆ ಹಣ ಇಟ್ಟು ನೆಮ್ಮದಿಯಾಗಿ ನಿದ್ದೆ ಮಾಡೋಕೆ ಆಗಲ್ಲ, ಅಲ್ವಾ?

ಹಣ ಹಾಕುವ ಮುಂಚೆ ಒಂದು ಪರೀಕ್ಷೆ ಮಾಡಿ. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಇದೇ, ಎಲ್ಲರೂ ಬಿಡುವುದೂ ಇದನ್ನೇ. ಆಪ್‌ನಲ್ಲಿ ಕಾಣುವ, ಹಣ ತರಿಸಿಕೊಳ್ಳುವ ನಿಮ್ಮ ಮೊದಲ ಬಿಟ್‌ಕಾಯಿನ್ ವಿಳಾಸ ಬರೆದಿಟ್ಟುಕೊಳ್ಳಿ. ಡಿವೈಸ್ ಅಳಿಸಿ. ಕಾಗದ ನೋಡಿಕೊಂಡು ಪದಗಳನ್ನು ಡಿವೈಸ್‌ನಲ್ಲೇ ಒಂದೊಂದಾಗಿ ಹಾಕಿ ವಾಪಸ್ ತನ್ನಿ. ಅದೇ ವಿಳಾಸ ಬಂದರೆ ಕಾಗದ ಸರಿಯಿದೆ. ಪದಗಳ ಸಾಲಿನ ಕೊನೆಯಲ್ಲಿ ತಾಳೆ ನೋಡುವ ಲೆಕ್ಕವೊಂದು ಅಡಗಿರುತ್ತದೆ. 24 ಪದಗಳಲ್ಲಿ ಒಂದು ತಪ್ಪಾದರೆ ಅದು ಗೊತ್ತಾಗದೆ ದಾಟಿ ಹೋಗುವ ಸಾಧ್ಯತೆ 256ರಲ್ಲಿ 1 ಮಾತ್ರ, ಉಳಿದ ಸಲ ಡಿವೈಸ್ ತಪ್ಪು ಅಂತ ಹೇಳಿಬಿಡುತ್ತದೆ. ಭಾವನಿಗೆ ಮೊದಲ ಸಲ ಹಾಗೇ ಹೇಳಿತು. ಹತ್ತೊಂಬತ್ತನೇ ಪದ ತಪ್ಪು ಸಾಲಿನಿಂದ ಓದಿದ್ದರು. ಎರಡನೇ ಸಲ ಸರಿಹೋಯಿತು. ಆಗ ಅವರ ಮುಖ ನೋಡಬೇಕಿತ್ತು.

ಪಾಸ್‌ಫ್ರೇಸ್ ಅನ್ನೋ ಇನ್ನೊಂದು ಬೀಗವೂ ಇದೆ, ಅಂದರೆ ಆ ಪದಗಳ ಜೊತೆಗೆ ನೀವೇ ಸೇರಿಸುವ ಗುಟ್ಟಿನ ಮಾತು. ಹೊಸಬರಿಗೆ ನಾನು ಬೇಡ ಅನ್ನುತ್ತೇನೆ. ಅದರಲ್ಲಿ ಒಂದು ಅಕ್ಷರ ತಪ್ಪಿದರೂ ತಪ್ಪು ಅಂತ ಯಾರೂ ಹೇಳುವುದಿಲ್ಲ, ಸುಮ್ನೆ ಬೇರೆಯೇ ಒಂದು ಖಾಲಿ ವಾಲೆಟ್ ತೆರೆದುಕೊಳ್ಳುತ್ತದೆ.

ದಿನನಿತ್ಯದ ಬಳಕೆಯಲ್ಲಿ ಅಭ್ಯಾಸ ಆಗಬೇಕಾದ್ದು ಹೋಲಿಸಿ ನೋಡುವುದು. ಹಣ ತರಿಸಿಕೊಳ್ಳುವಾಗ ಆಪ್ ತೋರಿಸಿದ ವಿಳಾಸವನ್ನು ನೇರವಾಗಿ ಕಾಪಿ ಮಾಡಬೇಡಿ. ಡಿವೈಸ್‌ನಲ್ಲೂ ಅದನ್ನು ತೋರಿಸಿ, ಎರಡೂ ಒಂದೇ ಅಂತ ನೋಡಿ. ಕಳಿಸುವಾಗಲೂ ಹಾಗೇ. ಕಾಪಿ ಮಾಡಿದ ವಿಳಾಸವನ್ನು ಪೇಸ್ಟ್ ಮಾಡುವಷ್ಟರಲ್ಲಿ ಬದಲಿಸುವ ವೈರಸ್‌ಗಳಿವೆ. ಮೊದಲ ನಾಲ್ಕು, ಕೊನೆಯ ನಾಲ್ಕು ಅಕ್ಷರ ನೋಡಿದರೆ ಸಾಲದು. ಹಾಗೆ ಹೊಂದುವ ವಿಳಾಸಗಳನ್ನೇ ಸೃಷ್ಟಿಸಿ ನಿಮ್ಮ ಹಿಸ್ಟರಿಯಲ್ಲಿ ಬಂದು ಕೂರುವಂತೆ ಮಾಡುವ ಮೋಸ ಇದೆ. ಹಿಸ್ಟರಿಯಿಂದ ವಿಳಾಸ ಎತ್ತಿಕೊಳ್ಳಬೇಡಿ. ಈಗಿನ ಸಾಮಾನ್ಯ ಬಿಟ್‌ಕಾಯಿನ್ ವಿಳಾಸಕ್ಕೆ 42 ಅಕ್ಷರ. ಪೂರ್ತಿ ಓದಿ. ದೊಡ್ಡ ಮೊತ್ತಕ್ಕೆ ಮುಂಚೆ ಸಣ್ಣದೊಂದು ಕಳಿಸಿ, ಮುಟ್ಟಿತಾ ನೋಡಿ.

ಏನಕ್ಕೆ ಸಹಿ ಹಾಕುತ್ತಿದ್ದೀರಿ ಅಂತ ಡಿವೈಸ್ ಸ್ಪಷ್ಟವಾಗಿ ತೋರಿಸದೆ ಬರೀ ಉದ್ದದ ಸಂಕೇತ ತೋರಿಸಿದರೆ, ಬೇಡ ಅಂತ ಒತ್ತಿ. 2025ರ ಫೆಬ್ರವರಿಯಲ್ಲಿ ಬೈಬಿಟ್ ಅನ್ನೋ ಕ್ರಿಪ್ಟೋ ಎಕ್ಸ್‌ಚೇಂಜ್‌ನಿಂದ ಸುಮಾರು 150 ಕೋಟಿ ಡಾಲರ್ ಬೆಲೆಯ ಈಥರ್ (ಬಿಟ್‌ಕಾಯಿನ್‌ನಂಥದ್ದೇ ಇನ್ನೊಂದು ಕ್ರಿಪ್ಟೋ ಹಣ) ಕಳುವಾಯಿತು. ಅಲ್ಲೂ ಹಾರ್ಡ್‌ವೇರ್ ವಾಲೆಟ್ ಇತ್ತು. ಕಂಪ್ಯೂಟರ್ ಸ್ಕ್ರೀನ್ ತೋರಿಸಿದ್ದು ಒಂದು, ಸಹಿ ಬಿದ್ದಿದ್ದು ಇನ್ನೊಂದಕ್ಕೆ.

ಕಂಪನಿ ಹೆಸರಿನಲ್ಲಿ ಬರುವ ಮೇಲ್, ಫೋನ್, ಪತ್ರ ಯಾವುದಕ್ಕೂ ಉತ್ತರ ಕೊಡಬೇಡಿ. 2020ರಲ್ಲಿ ಲೆಡ್ಜರ್ ಗ್ರಾಹಕರ ಮಾಹಿತಿ ಸೋರಿತ್ತು. ಆಮೇಲೆ ಕೆಲವರ ಮನೆಗೆ ಅಂಚೆಯಲ್ಲಿ ನಕಲಿ ಡಿವೈಸ್‌ಗಳೇ ಬಂದವು.

ಈಗಾಗಲೇ ಎಲ್ಲ ಪದಗಳನ್ನೂ ಎಲ್ಲೋ ಟೈಪ್ ಮಾಡಿಬಿಟ್ಟಿದ್ದೀರಾ? ಹಾಗಾದರೆ ಪಿನ್ ಬದಲಿಸುತ್ತಾ ಕೂರಬೇಡಿ, ಅದರಿಂದ ಏನೂ ಆಗಲ್ಲ. ಹೊಸ ಪದಗಳಿರುವ ಇನ್ನೊಂದು ವಾಲೆಟ್ ಬೇರೆ ಮೆಷೀನ್‌ನಲ್ಲಿ ಮಾಡಿ ಹಣವನ್ನೆಲ್ಲ ಅಲ್ಲಿಗೆ ಸಾಗಿಸಿ. ಇನ್ನೊಂದು ಡಿವೈಸ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಸದ್ಯಕ್ಕೆ ಫೋನಿನ ಒಳ್ಳೆಯ ವಾಲೆಟ್ ಆಪ್ ಒಂದಾದರೂ ಸರಿ. ಹಣ ಪೂರ್ತಿ ಆಚೆ ಹೋಗುವ ತನಕ ಹಳೆಯ ಡಿವೈಸ್ ಅಳಿಸಬೇಡಿ, ಹಳೆಯ ಕಾಗದ ಹರಿಯಬೇಡಿ.