ಓದುಗರು ಅರ್ಧಕ್ಕೇ ಎದ್ದು ಹೋಗದ ಹಾಗೆ ಬರೆಯುವುದು ಹೇಗೆ?

ಮೊದಲು ಒಂದು ಕೆಲಸ ಮಾಡಿ. ನೀವು ಈಚೆಗೆ ಬರೆದ ಲೇಖನ ತೆಗೆದು, ಮೊದಲ ಪ್ಯಾರಾವನ್ನು ಕೈಯಿಂದ ಮುಚ್ಚಿ, ಎರಡನೆಯದರಿಂದ ಓದಿ ನೋಡಿ. ಏನೂ ಕಳೆದುಹೋದ ಹಾಗೆ ಅನ್ನಿಸದಿದ್ದರೆ ಆ ಮೊದಲ ಪ್ಯಾರಾ ಬೇಕಾಗಿರಲೇ ಇಲ್ಲ, ತೆಗೆದುಬಿಡಿ. ಎಷ್ಟೋ ಲೇಖನಗಳು ನಿಜವಾಗಿ ಶುರುವಾಗುವುದೇ ಎರಡನೇ ಪ್ಯಾರಾದಲ್ಲಿ. ಅಷ್ಟರಲ್ಲಿ ಓದಲು ಬಂದವರು ಹೊರಟುಹೋಗಿರುತ್ತಾರೆ.

ಫೋನ್ ಯಾಕೆ ನಿಧಾನವಾಗುತ್ತದೆ ಅಂತ ಒಬ್ಬರು ಬರೆಯುತ್ತಿದ್ದಾರೆ ಅಂದುಕೊಳ್ಳಿ. ಸಾಮಾನ್ಯವಾಗಿ ಶುರು ಹೀಗಿರುತ್ತದೆ:

"ಇಂದಿನ ಆಧುನಿಕ ಯುಗದಲ್ಲಿ ಮೊಬೈಲ್ ಎಂಬುದು ಮನುಷ್ಯನ ಜೀವನದ ಅವಿಭಾಜ್ಯ ಅಂಗವಾಗಿದೆ. ಬೆಳಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೂ ನಾವು ಅದನ್ನು ಬಳಸುತ್ತೇವೆ."

ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಇದು ಯಾರಿಗೆ ಗೊತ್ತಿಲ್ಲ ಹೇಳಿ? ಓದಲು ಬಂದವರ ಕೈಯಲ್ಲಿರುವ ಫೋನ್ ಸತಾಯಿಸುತ್ತಿದೆ, ಅದಕ್ಕೇ ಅವರು ಬಂದಿರುವುದು. ಹಾಗಾಗಿ ನೇರವಾಗಿ ಹೀಗೆ ಶುರು ಮಾಡಿ:

"ಕ್ಯಾಮೆರಾ ತೆರೆದುಕೊಳ್ಳುವಷ್ಟರಲ್ಲಿ ಮಗು ನಗುವುದನ್ನೇ ನಿಲ್ಲಿಸಿರುತ್ತದೆ. ಹೊಸ ಫೋನ್ ಕೊಳ್ಳುವ ಮುಂಚೆ ಸ್ಟೋರೇಜ್ ಎಷ್ಟು ಖಾಲಿ ಇದೆ ನೋಡಿ. ಪೂರ್ತಿ ತುಂಬಿಹೋದ ಫೋನ್ ನಿಧಾನವಾಗುತ್ತದೆ."

ಮೊದಲ ಸಾಲಿನಲ್ಲಿ ಓದುವವರ ಕಷ್ಟ ಇದೆ, ಆಮೇಲಿನದರಲ್ಲಿ ಉತ್ತರದ ಒಂದು ಭಾಗ ಆಗಲೇ ಸಿಕ್ಕಿದೆ. ಉತ್ತರ ಮೊದಲೇ ಕೊಟ್ಟುಬಿಟ್ಟರೆ ಜನ ಮುಂದೆ ಓದುವುದಿಲ್ಲ ಎಂಬ ಭಯ ಬರೆಯುವ ತುಂಬಾ ಜನರಿಗೆ ಇದೆ. ನನ್ನ ಪ್ರಕಾರ ಆಗುವುದು ಇದಕ್ಕೆ ಉಲ್ಟಾ. ಇಷ್ಟು ಬೇಗ ಏನೋ ಸಿಕ್ಕಿತು ಅಂದರೆ, ಮುಂದೆ ಇನ್ನೂ ಇರಬಹುದು ಅಂತ ನಂಬಿಕೆ ಬರುತ್ತದೆ, ಆ ನಂಬಿಕೆಯಿಂದಲೇ ಅವರು ಕೆಳಗೆ ಸ್ಕ್ರೋಲ್ ಮಾಡುವುದು.

ಇನ್ನೊಂದು ವಿಷಯ ಒಪ್ಪಿಕೊಂಡುಬಿಡಬೇಕು: ಪರದೆಯ ಮೇಲೆ ಜನ ಪ್ರತಿ ಪದವನ್ನೂ ಓದುವುದಿಲ್ಲ. ಜನ ವೆಬ್‌ಸೈಟುಗಳನ್ನು ಹೇಗೆ ಬಳಸುತ್ತಾರೆ ಅಂತ ಅಧ್ಯಯನ ಮಾಡುವ ಜೇಕಬ್ ನೀಲ್ಸನ್ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪರೀಕ್ಷೆಗೆ ಬಂದವರಲ್ಲಿ ಶೇ. 79ರಷ್ಟು ಜನ ಹೊಸ ಪುಟವನ್ನು ಸುಮ್ನೆ ಕಣ್ಣಾಡಿಸಿ ನೋಡಿದರು, ಪದ ಪದ ಬಿಡದೆ ಓದಿದವರು ಶೇ. 16 ಮಾತ್ರ. 2006ರಲ್ಲಿ ಅವರದೇ ಸಂಸ್ಥೆ 232 ಜನರ ಕಣ್ಣಿನ ಚಲನೆ ಗಮನಿಸಿದಾಗ, ಮೇಲಿನ ಒಂದೆರಡು ಸಾಲು ಅಡ್ಡಲಾಗಿ ಓದಿ, ಆಮೇಲೆ ಎಡ ಅಂಚಿನಲ್ಲೇ ಕೆಳಗೆ ಇಳಿಯುವ ಅಭ್ಯಾಸ ಎದ್ದು ಕಂಡಿತು. ಅಂದರೆ ಸಾಲಿನ, ಪ್ಯಾರಾದ, ಉಪಶೀರ್ಷಿಕೆಯ ಮೊದಲ ಎರಡು ಮೂರು ಪದಗಳ ಮೇಲೆ ಕಣ್ಣು ಬೀಳುತ್ತದೆ, ಉಳಿದದ್ದಕ್ಕೆ ಖಾತ್ರಿ ಇಲ್ಲ. "ಕೆಲವು ಮುಖ್ಯ ಸಲಹೆಗಳು" ಎಂಬ ಉಪಶೀರ್ಷಿಕೆಯಿಂದ ಯಾರಿಗೂ ಏನೂ ಸಿಗುವುದಿಲ್ಲ. "ಫೋಟೊ, ವಿಡಿಯೊ ಬೇರೆ ಕಡೆ ಸೇವ್ ಮಾಡಿ" ಅಂತ ಇದ್ದರೆ ಬರೀ ಉಪಶೀರ್ಷಿಕೆ ನೋಡಿದವರಿಗೂ ಒಂದು ದಾರಿ ಕಾಣುತ್ತದೆ, ಬೇಕಾದವರು ಅಲ್ಲೇ ನಿಂತು ಪೂರ್ತಿ ಓದುತ್ತಾರೆ.

ಈಗ ವಾಕ್ಯಕ್ಕೆ ಬರೋಣ, ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ವಾಕ್ಯ ಉದ್ದವಾದಷ್ಟೂ ಓದುವವರು ಎಲ್ಲವನ್ನೂ ತಲೆಯಲ್ಲಿ ಹಿಡಿದಿಟ್ಟುಕೊಂಡು, ಕೊನೆಗೆ ಏನಾಯಿತು ಅಂತ ಕಾಯಬೇಕು. ಅದರ ಮೇಲೆ ನಾವು ಸರ್ಕಾರಿ ಸುತ್ತೋಲೆಯ ಧಾಟಿ ಬೇರೆ ಹಿಡಿಯುತ್ತೇವೆ. ಇದನ್ನು ನೋಡಿ:

"ಹೆಚ್ಚಿನ ಆ್ಯಪ್‌ಗಳನ್ನು ಅಳವಡಿಸಿಕೊಂಡಿರುವುದರಿಂದ ಉಂಟಾಗುವ ಸಮಸ್ಯೆಯನ್ನು ನಿವಾರಿಸುವ ನಿಟ್ಟಿನಲ್ಲಿ ಅನಗತ್ಯ ಆ್ಯಪ್‌ಗಳನ್ನು ತೆಗೆದುಹಾಕುವ ಕಾರ್ಯವನ್ನು ಮಾಡಬೇಕಾಗುತ್ತದೆ."

ಹೇಳಬೇಕಾಗಿದ್ದದ್ದು "ಬಳಸದ ಆ್ಯಪ್‌ಗಳನ್ನು ತೆಗೆದುಹಾಕಿ" ಅಂತ ಅಷ್ಟೇ ಅಲ್ವಾ? "ನಿಟ್ಟಿನಲ್ಲಿ", "ಕಾರ್ಯವನ್ನು ಮಾಡುವುದು", "ಮಾಡಲಾಗುತ್ತದೆ" ಇವು ಎಲ್ಲೆಲ್ಲಿ ಬಂದಿವೆ ಅಂತ ಹುಡುಕಿ ನೋಡಿ, ಹೆಚ್ಚಿನ ಕಡೆ ಅವನ್ನು ತೆಗೆದರೆ ವಾಕ್ಯ ತಾನೇ ನೆಟ್ಟಗಾಗುತ್ತದೆ. ಹಾಗಂತ ಎಲ್ಲ ವಾಕ್ಯವನ್ನೂ ಕತ್ತರಿಸಿ ಒಂದೇ ಅಳತೆಗೆ ತರಬೇಡಿ, ಓದುವುದಕ್ಕೆ ಬೇಜಾರಾಗುತ್ತದೆ. ಮಾತಾಡುವಾಗ ನಾವು ಒಂದು ವಿಷಯವನ್ನು ಎಳೆದು ಎಳೆದು ವಿವರಿಸಿ, ಆಮೇಲೆ ಚುಟುಕಾಗಿ ಮುಗಿಸುತ್ತೇವಲ್ಲ, ಬರವಣಿಗೆಯಲ್ಲೂ ಆ ಏರಿಳಿತ ಇರಲಿ. ಅದನ್ನು ಪರೀಕ್ಷಿಸಲು ಜೋರಾಗಿ ಓದುವುದಕ್ಕಿಂತ ಒಳ್ಳೆ ದಾರಿ ನನಗೆ ಗೊತ್ತಿಲ್ಲ. ನಾಲಿಗೆ ತಡವರಿಸಿದ ಜಾಗದಲ್ಲಿ ಗುರುತು ಹಾಕಿ, ಅಲ್ಲಿ ಏನೋ ತೊಡಕಿದೆ.

ಪ್ಯಾರಾ ಚಿಕ್ಕದಿರಲಿ. ಕಂಪ್ಯೂಟರಿನಲ್ಲಿ ಐದು ಸಾಲು ಕಾಣುವುದು ಫೋನಿನಲ್ಲಿ ಹತ್ತು ಹನ್ನೆರಡು ಸಾಲಾಗಿ ಪರದೆ ತುಂಬಿಬಿಡಬಹುದು. ಪ್ರಕಟಿಸುವ ಮುಂಚೆ ಒಮ್ಮೆ ಫೋನಿನಲ್ಲೇ ನೋಡಿ.

ಮಧ್ಯದಲ್ಲಿ ಓದುಗರು ಜಾರಿಹೋಗುವುದು ಅವರ ಮನಸ್ಸಿಗೆ ಬಂದ ಪ್ರಶ್ನೆಗೆ ನಾವು ಕಿವಿಗೊಡದಿದ್ದಾಗ. "ಆ್ಯಪ್ ತೆಗೆದುಹಾಕಿ" ಅಂದ ಕೂಡಲೇ ಓದುವವರಿಗೆ ಅನ್ನಿಸುತ್ತದೆ: ತೆಗೆದರೆ ಅದರಲ್ಲಿದ್ದ ನನ್ನ ಮೆಸೇಜುಗಳ ಗತಿ ಏನು? ಮುಂದಿನ ಪ್ಯಾರಾ ಇದಕ್ಕೇ ಉತ್ತರ ಕೊಡಬೇಕು, ಮೊದಲು ಬ್ಯಾಕಪ್ ತೆಗೆದುಕೊಳ್ಳುವುದು ಹೇಗೆ ಅಂತ ಹೇಳಬೇಕು. ಅದು ಬಿಟ್ಟು ನೀವು ಆ್ಯಪ್‌ಗಳ ಇತಿಹಾಸಕ್ಕೆ ಹೋದರೆ ಅಲ್ಲಿಗೆ ಮುಗಿಯಿತು. ಪ್ರತಿ ಪ್ಯಾರಾ ಬರೆದ ಮೇಲೆ "ಈಗ ಅವರು ಏನು ಕೇಳುತ್ತಾರೆ?" ಅಂತ ಯೋಚಿಸಿ. ಇದಕ್ಕೆ ನಿಮಗೆ ಗೊತ್ತಿರುವ ಒಬ್ಬರನ್ನು ಎದುರಿಗೆ ಕೂರಿಸಿಕೊಂಡ ಹಾಗೆ ಬರೆಯುವುದು ಒಳ್ಳೆಯದು. ಎಲ್ಲರಿಗೂ ಬರೆಯಲು ಹೋದರೆ ಯಾರ ಪ್ರಶ್ನೆಯೂ ಕೇಳಿಸುವುದಿಲ್ಲ.

ತಲೆಬರಹವನ್ನು ಕೊನೆಗೆ ಬರೆಯಿರಿ. ಲೇಖನದಲ್ಲಿ ನಿಜಕ್ಕೂ ಏನಿದೆಯೋ ಅದನ್ನೇ ಹೇಳಿ. "ಇದನ್ನು ಓದಿದರೆ ಬೆಚ್ಚಿಬೀಳ್ತೀರಾ" ಅಂತ ಬರೆದರೆ ಒಂದು ಸಲ ಜನ ಬರುತ್ತಾರೆ, ಒಳಗೆ ಏನೂ ಇಲ್ಲ ಅಂತ ಗೊತ್ತಾದ ಮೇಲೆ ನಿಮ್ಮ ಹೆಸರು ಕಂಡರೂ ಮುಂದೆ ಹೋಗುತ್ತಾರೆ. ಓದುವವರ ಸಮಯ ಅವರದು, ಅದನ್ನು ಮೋಸದಿಂದ ಕಸಿದುಕೊಳ್ಳುವುದು ತಪ್ಪು.

ಓದಿದವರು ಮತ್ತೆ ಬರಬೇಕು ಅಂದರೆ, ನಿಮ್ಮ ಇನ್ನೊಂದು ಲೇಖನಕ್ಕೆ ಲಿಂಕ್ ಕೊಡುವಾಗ ಕೊನೆಯಲ್ಲಿ ಪಟ್ಟಿ ಹಾಕುವ ಬದಲು ಅದು ಬೇಕಾಗುವ ಜಾಗದಲ್ಲೇ ಕೊಡಿ: ಬ್ಯಾಕಪ್ ಮಾತು ಬಂದಲ್ಲಿ ಬ್ಯಾಕಪ್ ಬಗ್ಗೆ ಬರೆದದ್ದು. ಆಗಾಗ ಹಳೆಯ ಲೇಖನಗಳನ್ನೂ ತೆರೆದು ನೋಡಿ. ನೀವು ಹೇಳಿದ ಸೆಟ್ಟಿಂಗ್ ಬೇರೆ ಕಡೆ ಹೋಗಿದ್ದರೆ, ಬಟನ್ನಿನ ಹೆಸರು ಬದಲಾಗಿದ್ದರೆ ತಿದ್ದಿ, ತಿದ್ದಿದ ದಿನಾಂಕವನ್ನು ಮೇಲ್ಗಡೆಯೇ ಕಾಣುವ ಹಾಗೆ ಹಾಕಿ.