ಕಾಫಿ ಸೀಮೆಗೆ ವಲಸೆ ಬಂದವರ ಚರಿತ್ರೆಯನ್ನು ಬರೆದಿಡುವ ಬಗೆ

ಸಕಲೇಶಪುರ, ಮೂಡಿಗೆರೆ ಅಥವಾ ಕೊಪ್ಪದ ಕಡೆಯ ಹಳೆಯ ಕಾಫಿ ತೋಟವೊಂದರ ಚರಿತ್ರೆ ಬರೆಯಹೊರಟವರ ಕೈಗೆ ಮೊದಲು ಸಿಗುವುದು ದೊರೆಗಳ, ಅಂದರೆ ಯುರೋಪಿಯನ್ ತೋಟಗಾರರ, ಹೆಸರುಗಳು. ಬಾಬಾಬುಡನ್‌ಗಿರಿಯ ದಕ್ಷಿಣಕ್ಕಿರುವ ಎತ್ತರದ ಸಾಲಿನಲ್ಲಿ ಕ್ಯಾನನ್ ಎಂಬ ಯುರೋಪಿಯನ್ನನು ತೋಟ ಮಾಡಿದ್ದು, ಅದು ಕೈಹಿಡಿದದ್ದನ್ನು ಕಂಡು 1843ರಲ್ಲಿ ಗ್ರೀನ್ ಎಂಬಾತನು ಮಂಜರಾಬಾದಿನ (ಇಂದಿನ ಸಕಲೇಶಪುರ ಸೀಮೆಯ) ಐಗೂರಿನ ಬಳಿ ನೆಲ ಹಿಡಿದದ್ದು, ಇವೆಲ್ಲ ರೈಸ್ ಅವರ ಮೈಸೂರು ಗೆಜೆಟಿಯರಿನಲ್ಲೇ ದಾಖಲಾಗಿವೆ. ಆ ಕಾಡಿನಲ್ಲಿ ಗುಂಡಿ ತೆಗೆದು ಗಿಡ ನೆಟ್ಟವರಲ್ಲಿ ಘಟ್ಟದ ಕೆಳಗಿನ ತುಳುವರಿದ್ದರು, ತಮಿಳು ಸೀಮೆಯವರಿದ್ದರು, ಮಲಬಾರಿನವರಿದ್ದರು; ಅವರ ಹೆಸರುಗಳು ಅಲ್ಲಿ ಸಿಗುವುದಿಲ್ಲ. ಆದ್ದರಿಂದ ದೊರೆಯ ಬಂಗಲೆಯಿಂದ ಆರಂಭಿಸದೆ ಲೈನ್ ಮನೆಗಳಿಂದ, ಅಂದರೆ ತೋಟದ ಆಳುಗಳ ಸಾಲುಮನೆಗಳಿಂದ, ಆರಂಭಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ದೊರೆಯ ಶಿಕಾರಿಯ ಕಥೆಗಳು ಇನ್ನೂ ನೂರು ವರ್ಷ ಪುಸ್ತಕಗಳಲ್ಲಿ ಉಳಿಯುತ್ತವೆ. ಲೈನಿನ ಅಜ್ಜಿಯ ನೆನಪು ಅಷ್ಟು ದಿನ ಕಾಯುವುದಿಲ್ಲ.

ಹಿರಿಯರನ್ನು ಮಾತನಾಡಿಸುವಾಗ ‘ಯಾವ ಇಸವಿಯಲ್ಲಿ ಬಂದಿರಿ’ ಎಂದು ಕೇಳಿದರೆ ಉತ್ತರ ಬರುವುದು ಅಪರೂಪ. ‘ಅಜ್ಜಿ, ನೀವು ಘಟ್ಟ ಹತ್ತಿದಾಗ ಮಂಗಳೂರಿಗೆ ರೈಲು ಇತ್ತಾ?’ ಎಂದು ಕೇಳಿ ನೋಡಿ. ಹಾಸನ–ಮಂಗಳೂರು ರೈಲು ಮಾರ್ಗ ಪೂರ್ಣಗೊಂಡದ್ದು 1979ರಲ್ಲಿ. ಇಂದಿರಾ ಗಾಂಧಿಯವರು ಚಿಕ್ಕಮಗಳೂರಿನ ಉಪಚುನಾವಣೆಗೆ ನಿಂತದ್ದು 1978ರಲ್ಲಿ. ಇಂತಹ ಎರಡು ಮೂರು ಗುರುತುಗಳನ್ನು ಕೈಯಲ್ಲಿಟ್ಟುಕೊಂಡರೆ, ‘ಅದಕ್ಕಿಂತ ಮೊದಲೇ ನನ್ನ ದೊಡ್ಡ ಮಗಳು ಹುಟ್ಟಿದ್ದಳು’ ಎಂಬಂತಹ ಮಾತಿನಿಂದಲೇ ಕಾಲವನ್ನು ಸಾಕಷ್ಟು ಹತ್ತಿರಕ್ಕೆ ತರಬಹುದು. ಯಾವ ಘಟ್ಟದಿಂದ ಬಂದರು, ಚಾರ್ಮಾಡಿಯೋ ಶಿರಾಡಿಯೋ ಬಿಸಿಲೆಯೋ, ನಡೆದು ಬಂದರೇ ಲಾರಿಯಲ್ಲೇ, ಕರೆತಂದ ಮೇಸ್ತ್ರಿ (ತೋಟಕ್ಕೆ ಆಳುಗಳನ್ನು ಒದಗಿಸುತ್ತಿದ್ದವನು) ಯಾವ ಊರಿನವನು ಎಂಬುದನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಿ. ಅವರು ತುಳುವಿನಲ್ಲೋ ತಮಿಳಿನಲ್ಲೋ ಹೇಳಿದ ಪದವನ್ನು ಕನ್ನಡಕ್ಕೆ ತಿದ್ದಬೇಡಿ, ಏಕೆಂದರೆ ಎಷ್ಟೋ ಸಲ ಊರಿನ ಸುಳಿವು ಆ ಪದದಲ್ಲೇ ಇರುತ್ತದೆ.

ಅನಂತರ ತೋಟದ ಮಾಲೀಕರ ಅನುಮತಿ ಪಡೆದು ಹಳೆಯ ಚೆಕ್‌ರೋಲ್ ಪುಸ್ತಕಗಳು, ಅಂದರೆ ಆಳುಗಳ ಹಾಜರಿ ಪುಸ್ತಕಗಳು, ಉಳಿದಿವೆಯೇ ಎಂದು ವಿಚಾರಿಸಿ. ನಾನು ನೋಡಿದ ಒಂದು ಪುಸ್ತಕದ ಅಂಚನ್ನೆಲ್ಲ ಗೆದ್ದಲು ತಿಂದಿತ್ತು. ಪುಟದ ತಲೆಯಲ್ಲಿ ಮೇಸ್ತ್ರಿಯ ಹೆಸರು, ಎಡಕ್ಕೆ ಆಳುಗಳ ಹೆಸರು, ಅಡ್ಡಕ್ಕೆ ತಿಂಗಳ ದಿನಗಳು, ಬಲತುದಿಯಲ್ಲಿ ಮುಂಗಡಕ್ಕೆ ಮುರಿದುಕೊಂಡ ಹಣ ಇದ್ದವು. ತಂದೆಯ ಹೆಸರಾಗಲಿ ಊರಾಗಲಿ ಇರಲಿಲ್ಲ. ಆದರೂ ಇಂತಹ ಪುಟ ಬಹಳಷ್ಟನ್ನು ಹೇಳುತ್ತದೆ. ಮೇಸ್ತ್ರಿಯು ತೋಟದಿಂದ ಮುಂಗಡ ಪಡೆದು, ತನ್ನ ಕಡೆಯ ಊರುಗಳಲ್ಲಿ ಹಂಚಿ, ಆಳುಗಳನ್ನು ಗುಂಪಾಗಿ ಕರೆತರುತ್ತಿದ್ದುದರಿಂದ, ಒಬ್ಬ ಮೇಸ್ತ್ರಿಯ ಊರು ತಿಳಿದರೆ ಅವನ ಕೆಳಗಿನ ಹೆಸರುಗಳ ಮೂಲವನ್ನು ಹುಡುಕಲು ದಾರಿ ಸಿಗುತ್ತದೆ. ಒಂದೇ ವರ್ಷದ ಹನ್ನೆರಡು ತಿಂಗಳ ಪುಟಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ: ಮಳೆ ಹಿಡಿಯುವ ಹೊತ್ತಿಗೆ ಮಾಯವಾಗಿ ಕಾಫಿ ಹಣ್ಣಿನ ಕುಯ್ಲಿಗೆ ಮರಳುವ ಹೆಸರುಗಳು ಸುಗ್ಗಿಗೆ ಬಂದುಹೋಗುತ್ತಿದ್ದವರದು, ಜುಲೈನ ಜಡಿಮಳೆಯಲ್ಲೂ ಹಾಜರಿ ಇರುವ ಹೆಸರುಗಳು ಇಲ್ಲಿಯೇ ನೆಲೆ ನಿಂತವರದು. ವಲಸೆ ಬಂದವರು ಊರಿನವರಾದ ಕಾಲವನ್ನು ಗುರುತಿಸಲು ನನಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಕ್ಕಿಲ್ಲ.

ಯುರೋಪಿಯನ್ನರ ಗೋರಿಗಳಿರುವಲ್ಲಿ ಕಲ್ಲಿನ ಬರಹ ಪಾಚಿಯಲ್ಲಿ ಮುಚ್ಚಿರುತ್ತದೆ. ತಂತಿ ಬ್ರಷ್ಷಿನಿಂದ ಉಜ್ಜುವುದು, ಆ್ಯಸಿಡ್ ಸುರಿಯುವುದು ಕಲ್ಲಿಗೆ ಮಾಡುವ ಅನ್ಯಾಯ. ಬರೀ ನೀರು ಚಿಮುಕಿಸಿ, ಮೆತ್ತನೆಯ ಬ್ರಷ್ಷಿನಿಂದ ಸವರಿ, ಸಂಜೆಗತ್ತಲಲ್ಲಿ ಟಾರ್ಚನ್ನು ಕಲ್ಲಿನ ಮಗ್ಗುಲಿನಿಂದ ಓರೆಯಾಗಿ ಹಿಡಿದರೆ ಸವೆದ ಅಕ್ಷರವೂ ನೆರಳಿನಿಂದ ಎದ್ದು ಕಾಣುತ್ತದೆ. ಚರ್ಚುಗಳ ಜ್ಞಾನಸ್ನಾನ, ಮದುವೆ ಮತ್ತು ಮರಣದ ಪುಸ್ತಕಗಳನ್ನು ಗುರುಗಳ ಒಪ್ಪಿಗೆ ಪಡೆದು ನೋಡಬೇಕು. ಚಿಕ್ಕಮಗಳೂರು ಕ್ಯಾಥೊಲಿಕ್ ಧರ್ಮಪ್ರಾಂತ್ಯವಾದದ್ದು 1963ರಲ್ಲಿ. ಅದಕ್ಕೂ ಹಿಂದಿನ ಪತ್ರಗಳನ್ನು ಮೈಸೂರಿನಲ್ಲಿಯೂ ವಿಚಾರಿಸಬೇಕಾಗುತ್ತದೆ.

ಸರ್ಕಾರಿ ಕಡತಗಳನ್ನು ಹುಡುಕುವವರು ಹಳೆಯ ಹೆಸರುಗಳನ್ನು ತಿಳಿದಿರಬೇಕು. ಚಿಕ್ಕಮಗಳೂರು ಆಗ ಕಡೂರು ಜಿಲ್ಲೆ, ಸಕಲೇಶಪುರ ಸೀಮೆ ಮಂಜರಾಬಾದ್. ಮೈಸೂರನ್ನು ಬ್ರಿಟಿಷ್ ಕಮಿಷನರರು ಆಳುತ್ತಿದ್ದ ಕಾಲದಲ್ಲಿ ಕಡೂರು ‘ನಗರ’ ಎಂಬ ವಿಭಾಗಕ್ಕೂ ಹಾಸನ ‘ಅಷ್ಟಗ್ರಾಮ’ ವಿಭಾಗಕ್ಕೂ ಸೇರಿದ್ದವು. ಈ ಹೆಸರುಗಳನ್ನು ಬರೆದುಕೊಂಡು ಬೆಂಗಳೂರಿನ ರಾಜ್ಯ ಪತ್ರಾಗಾರಕ್ಕೆ ಹೋಗಿ. ಮೈಸೂರು ಸಂಸ್ಥಾನದ ಜನಗಣತಿ 1871ರಿಂದ ಆರಂಭವಾಗುತ್ತದೆ. ಜನ್ಮಸ್ಥಳದ ಪಟ್ಟಿಗಳನ್ನು ಓದುವಾಗ ಒಂದು ಎಚ್ಚರ ಅಗತ್ಯ: ಆಗ ದಕ್ಷಿಣ ಕನ್ನಡವು ಮದ್ರಾಸ್ ಪ್ರಾಂತ್ಯದಲ್ಲಿದ್ದುದರಿಂದ, ಘಟ್ಟವಿಳಿದರೆ ಸಿಗುವ ಬೆಳ್ತಂಗಡಿಯವರೂ ಸಂಸ್ಥಾನದ ಹೊರಗೆ ಹುಟ್ಟಿದವರ ಲೆಕ್ಕಕ್ಕೇ ಬರುತ್ತಾರೆ. ಅವರನ್ನೂ ಸ್ಕಾಟ್ಲೆಂಡಿನಿಂದ ಬಂದವರನ್ನೂ ‘ಹೊರಗಿನವರು’ ಎಂಬ ಒಂದೇ ಮಾತಿನಲ್ಲಿ ಸೇರಿಸಿದರೆ ಇಡೀ ಬರಹ ದಾರಿ ತಪ್ಪುತ್ತದೆ. ಹಾಗೆಯೇ, ಸೂಫಿ ಸಂತ ಬಾಬಾ ಬುಡನ್ ಯೆಮನ್ನಿನಿಂದ ಏಳು ಕಾಫಿ ಬೀಜ ತಂದರೆಂಬ ಮಾತನ್ನು ಪ್ರತೀತಿಯೆಂದೇ ಬರೆಯಿರಿ.

ಈಗ ಇದೇ ಲೈನುಗಳಲ್ಲಿ ಅಸ್ಸಾಮಿನಿಂದ ಬಂದ ಕುಟುಂಬಗಳಿವೆ. ಅವರ ಊರು, ಬಂದ ದಾರಿ, ಕರೆತಂದವರ ವಿವರಗಳನ್ನು ಇಂದೇ ಬರೆದಿಡಬೇಕು; ಆಧಾರ್ ಕಾರ್ಡಿನ ಚಿತ್ರವನ್ನು ಮಾತ್ರ ಯಾವ ಕಾರಣಕ್ಕೂ ತೆಗೆಯಬಾರದು. ಬರೆದದ್ದನ್ನು ಅವರ ಭಾಷೆ ಬಲ್ಲವರೊಬ್ಬರಿಂದ ಅವರಿಗೆ ಓದಿಸಿ ಹೇಳಿ, ಅವರು ಬೇಡವೆಂದ ಸಾಲನ್ನು ಅವರೆದುರಿಗೇ ಹೊಡೆದುಹಾಕಿ.