ಆಸ್ಪತ್ರೆಯ ರಿವ್ಯೂ ಓದುವಾಗ ಹೀಗೆ ಮಾಡಿ

ಗೂಗಲ್ ಮ್ಯಾಪ್‌ನಲ್ಲಿ ಆಸ್ಪತ್ರೆಯ ಸ್ಟಾರ್ ನೋಡಿ ಸುಮ್ಮನಾಗಬೇಡಿ. ರಿವ್ಯೂಗಳನ್ನು ಹೊಸದು ಮೊದಲು ಬರುವಂತೆ ಜೋಡಿಸಿ, ಅಲ್ಲೇ ಬಿಲ್, ಇನ್ಶೂರೆನ್ಸ್, ಡಿಸ್ಚಾರ್ಜ್ ಎಂಬ ಪದಗಳನ್ನು ಹುಡುಕಿ. ಕನ್ನಡದಲ್ಲೂ, ಇಂಗ್ಲಿಷ್ ಅಕ್ಷರದಲ್ಲೂ. ಒಟ್ಟು ಸ್ಟಾರ್‌ನಲ್ಲಿ ಎಷ್ಟೋ ವರ್ಷ ಹಳೆಯ ಮಾತೂ ಸೇರಿರುತ್ತದೆ. 'ಸೂಪರ್ ಡಾಕ್ಟರ್' ಅನ್ನುವ ಒಂದು ಸಾಲು ಕೌಂಟರಿನಲ್ಲಿ ಕ್ಯೂಆರ್ ತೋರಿಸಿ ಬರೆಸಿದ್ದೂ ಇರಬಹುದು, ಅಲ್ವಾ? ಅದೇ 'ಇನ್ಶೂರೆನ್ಸ್ ಕಂಪನಿಯ ಕ್ಯಾಶ್‌ಲೆಸ್ ಅಪ್ರೂವಲ್‌ಗೆ ಸಂಜೆವರೆಗೆ ಕೂರಿಸಿದರು' ಅಂತ ನಾಲ್ಕು ಜನ ಬರೆದಿದ್ದರೆ, ಊಟದ ಡಬ್ಬಿ ಕಟ್ಟಿಕೊಂಡೇ ಹೋಗಬಹುದು. ಹತ್ತೋ ಹನ್ನೆರಡೋ ರಿವ್ಯೂ ಇರುವ ಸಣ್ಣ ಊರಿನ ಕ್ಲಿನಿಕ್‌ಗೆ ಈ ಉಪಾಯ ನಡೆಯುವುದಿಲ್ಲ. ಡಾಕ್ಟರ ಕೈಗುಣವೂ ಇದರಿಂದ ಗೊತ್ತಾಗುವುದಿಲ್ಲ. ಪಾರ್ಕಿಂಗ್ ಸಿಗದ ಸಿಟ್ಟಿಗೆ ಡಾಕ್ಟರಿಗೆ ಒಂದೇ ಸ್ಟಾರ್ ಕೊಟ್ಟವರೂ ಇದ್ದಾರೆ!